ಕಾಯಿಲ್‌ಓವರ್‌ಗೆ ಯಾವ ಸ್ಪ್ರಿಂಗ್ ಹಾಕ್ಲಿ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಸಸ್ಪೆನ್ಶನ್ ಬಗ್ಗೆನೇ ಜಾಸ್ತಿ, ಅದ್ರಲ್ಲೂ ಕಾಯಿಲ್‌ಓವರ್ ಸ್ಪ್ರಿಂಗ್ ವಿಷ್ಯ (ಕಾಯಿಲ್‌ಓವರ್ ಅಂದ್ರೆ ಡ್ಯಾಂಪರ್, ಅಂದ್ರೆ ಶಾಕ್ ಅಬ್ಸಾರ್ಬರ್, ಅದ್ರ ಸುತ್ತಲೇ ಸ್ಪ್ರಿಂಗ್ ಕೂತಿರೋ, ಎತ್ತರ ಹೊಂದಿಸೋಕೆ ಬರೋ ಜೋಡಿ). ಅದಕ್ಕೆ ಇಂಜಿನ್, ಬ್ರೇಕ್ ಪ್ರಶ್ನೆಗಳನ್ನೆಲ್ಲ ಮುಂದಿನ ತಿಂಗಳಿಗೆ ಎತ್ತಿಟ್ಟು ಈ ಸಲ ಪೂರ್ತಿ ಸ್ಪ್ರಿಂಗ್‌ಗೇ ಬಿಟ್ಟಿದ್ದೀನಿ. ಮೊದಲನೇ ಉತ್ತರ ಉದ್ದ ಆಗಿದೆ, ಆದ್ರೆ ತಾಳ್ಮೆಯಿಂದ ಓದಿ, ಅದು ತಲೆಗೆ ಹೋದ್ರೆ ಉಳಿದವೆಲ್ಲ ಸಲೀಸು.

ಪ್ರಶ್ನೆ: ಸರ್, ನನ್ನದು ಎರಡು ಸೀಟಿನ ಸ್ಪೋರ್ಟ್ಸ್ ಕಾರು, ಹಿಂದಿನ ಚಕ್ರಕ್ಕೆ ಡ್ರೈವ್, ನಾಲ್ಕೂ ಕಡೆ ಡಬಲ್ ವಿಶ್‌ಬೋನ್ (ಚಕ್ರಕ್ಕೆ ಮೇಲೊಂದು ಕೆಳಗೊಂದು ತೋಳು). ನಾನು ತಗೊಳ್ಳೋಕೆ ಮುಂಚೆನೇ ಹಳೇ ಮಾಲೀಕರು ಕಾಯಿಲ್‌ಓವರ್ ಹಾಕಿಸಿದ್ರು, ಮುಂದೆ 10 ಕೆಜಿ ಹಿಂದೆ 8 ಕೆಜಿ ಸ್ಪ್ರಿಂಗ್, ಎಲ್ಲಾ 7 ಇಂಚಿನವು. ಟ್ರ್ಯಾಕ್‌ನಲ್ಲಿ ಪರವಾಗಿಲ್ಲ ಆದ್ರೆ ರಸ್ತೆಗೆ ಇಳಿದ್ರೆ ಮೈಕೈ ನೋವು, ಉಬ್ಬುತಗ್ಗು ಇರೋ ತಿರುವಲ್ಲಿ ಹಿಂಭಾಗ ಪುಟಿದು ಪಕ್ಕಕ್ಕೆ ಜರುಗುತ್ತೆ, ಭಯ ಆಗುತ್ತೆ. ನಾನು ಟ್ರ್ಯಾಕ್‌ಗೆ ಹೋಗೋದು ವರ್ಷಕ್ಕೆ ನಾಲ್ಕೈದು ಸಲ ಅಷ್ಟೇ. ಡ್ಯಾಂಪರ್ ಚೆನ್ನಾಗಿವೆ, ಲೀಕ್ ಇಲ್ಲ, ಅದಕ್ಕೆ ಸ್ಪ್ರಿಂಗ್ ಮಾತ್ರ ಬದಲಾಯಿಸೋಣ ಅಂತ. ಗೆಳೆಯರೊಬ್ಬರು ಅವರ ಕಾರಲ್ಲಿರೋ ಹಾಗೆ 7 ಮತ್ತು 5 ಹಾಕು ಅಂತಾರೆ. ನಾನು ಕೂತಾಗ ತೂಕ ಹಾಕಿಸಿದ್ದೆ, ಮುಂದಿನ ಒಂದೊಂದು ಚಕ್ರದ ಮೇಲೆ 280 ಕೆಜಿ, ಹಿಂದಿನದ್ರ ಮೇಲೆ 270. ಏನು ಹಾಕ್ಲಿ?

ಉತ್ತರ: ತೂಕ ಹಾಕಿಸಿ ಬರೆದಿದ್ದೀರಲ್ಲ, ಅದಕ್ಕೇ ನಿಮಗೆ ಸರಿಯಾದ ಉತ್ತರ ಕೊಡೋಕೆ ಆಗ್ತಿದೆ, ಇಲ್ಲದಿದ್ರೆ ಬರೀ ಊಹೆ ಆಗ್ತಿತ್ತು. ನೇರವಾಗಿ ಹೇಳ್ಬೇಕಂದ್ರೆ ಮುಂದೆ 7, ಹಿಂದೆ 6 ಹಾಕಿ, ಉದ್ದ ಮಾತ್ರ 7 ಇಂಚು ಬೇಡ, 8 ಇಂಚಿಗೆ ಹೋಗಿ. ಹೀಗೆ ಯಾಕೆ ಹೇಳ್ತಿದ್ದೀನಿ ಅಂತ ನೀವೇ ಲೆಕ್ಕ ಹಾಕಿ ನೋಡ್ಬೇಕು, ಯಾಕಂದ್ರೆ ನಾನು ಇಟ್ಕೊಂಡಿರೋ ಕೆಲವು ಅಳತೆ ನಿಮ್ಮ ಕಾರಲ್ಲಿ ಸ್ವಲ್ಪ ಬೇರೆ ಇರಬಹುದು.

ಮೊದ್ಲು ಒಂದು ಮಾತು. ಸ್ಪ್ರಿಂಗ್ ಮೇಲೆ ಬರೆದಿರೋ 10 ಕೆಜಿ ಅನ್ನೋದು ಆ ಸ್ಪ್ರಿಂಗ್‌ನ 1 ಮಿಮೀ ಕುಗ್ಗಿಸೋಕೆ ಎಷ್ಟು ಭಾರ ಬೇಕು ಅನ್ನೋದು, ಅದು ಸ್ಪ್ರಿಂಗ್‌ನ ಗುಣ, ಚಕ್ರಕ್ಕೆ ಸಿಗೋದು ಅಷ್ಟಲ್ಲ. ವಿಶ್‌ಬೋನ್ ಕಾರಲ್ಲಿ ಕಾಯಿಲ್‌ಓವರ್ ಕೂತಿರೋದು ತೋಳಿನ ಮಧ್ಯದಲ್ಲೆಲ್ಲೋ, ಅದೂ ಓರೆಯಾಗಿ, ಹಂಗಾಗಿ ಚಕ್ರ 10 ಮಿಮೀ ಮೇಲೆ ಬಂದ್ರೆ ಸ್ಪ್ರಿಂಗ್ ಕುಗ್ಗೋದು 7 ಮಿಮೀ ಅಷ್ಟೇ ಅಂತ ಇಟ್ಕೊಳ್ಳಿ. ಇದನ್ನ ಮೋಷನ್ ರೇಶಿಯೋ ಅಂತಾರೆ, ಇಲ್ಲಿ 0.7. ಸ್ಪ್ರಿಂಗ್ ಕಡಿಮೆ ಕುಗ್ಗೋದ್ರಿಂದ ಬಲ ಒಂದು ಸಲ ಕಡಿಮೆ ಆಯ್ತು, ಆ ಬಲ ತೋಳಿನ ಮೂಲಕ ಚಕ್ರಕ್ಕೆ ಬರುವಾಗ ಇನ್ನೊಂದು ಸಲ ಕಡಿಮೆ ಆಯ್ತು, ಅದಕ್ಕೆ ರೇಶಿಯೋನ ಎರಡು ಸಲ ಗುಣಿಸ್ಬೇಕು, 0.7 ಗುಣಿಸು 0.7 ಅಂದ್ರೆ 0.49. ನಿಮ್ಮ 10 ಕೆಜಿ ಸ್ಪ್ರಿಂಗ್ ಚಕ್ರದ ಹತ್ರ 4.9 ಕೆಜಿ ಆಗಿ ಕೆಲಸ ಮಾಡ್ತಿದೆ. ಮ್ಯಾಕ್‌ಫರ್ಸನ್ ಸ್ಟ್ರಟ್ (ಡ್ಯಾಂಪರ್‌ನ ಚಕ್ರ ಹಿಡಿಯೋ ಭಾಗಕ್ಕೇ ನೇರ ಬಿಗಿದಿರೋದು) ಇರೋ ಕಾರಲ್ಲಿ ಈ ರೇಶಿಯೋ 1ರ ಹತ್ರ ಇರುತ್ತೆ, 0.95 ಅಂತ ಇಟ್ಕೊಂಡ್ರೂ ಅಲ್ಲಿ 7 ಕೆಜಿ ಸ್ಪ್ರಿಂಗ್ ಚಕ್ರಕ್ಕೆ 6.3 ಕೊಡುತ್ತೆ, ನಿಮ್ಮ ಕಾರಿನ ಮುಂಭಾಗದಲ್ಲಿ ಅದೇ ಸ್ಪ್ರಿಂಗ್ 3.4 ಕೊಡುತ್ತೆ. ಹೆಚ್ಚುಕಮ್ಮಿ ಡಬಲ್ ವ್ಯತ್ಯಾಸ. ಗೆಳೆಯರು ಹೇಳಿದ ನಂಬರ್ ತಗೊಳ್ಳೋಕೆ ಮುಂಚೆ ಅವರ ಕಾರು ಯಾವ್ದು ಅಂತ ಕೇಳಿ.

ನಿಮ್ಮ ಕಾರಿನ ರೇಶಿಯೋ ನೀವೇ ಅಳೀಬಹುದು. ಕಾರನ್ನ ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ, ಸ್ಪ್ರಿಂಗ್ ತೆಗೆದು ಡ್ಯಾಂಪರ್ ಮಾತ್ರ ವಾಪಸ್ ಹಾಕಿ, ಆಂಟಿ ರೋಲ್ ಬಾರ್ (ತಿರುವಲ್ಲಿ ಕಾರು ವಾಲದ ಹಾಗೆ ಎಡ ಬಲ ಚಕ್ರ ಜೋಡಿಸೋ ಕಂಬಿ) ಲಿಂಕ್ ಬಿಚ್ಚಿ, ಜ್ಯಾಕ್‌ನಿಂದ ಹಬ್‌ನ 10 ಮಿಮೀ, 10 ಮಿಮೀ ಎತ್ತುತ್ತಾ ಪ್ರತಿ ಸಲ ಡ್ಯಾಂಪರ್ ಎಷ್ಟು ಒಳಗೆ ಹೋಯ್ತು ಅಂತ ಬರ್ಕೊಳ್ಳಿ. ಅರ್ಧ ದಿನದ ಕೆಲಸ, ಆದ್ರೆ ಆಮೇಲೆ ಆ ಕಾರು ಇರೋವರೆಗೂ ಉಪಯೋಗಕ್ಕೆ ಬರುತ್ತೆ. ನಾನು ಇಲ್ಲಿ ಮುಂದೆ 0.7, ಹಿಂದೆ 0.75 ಅಂತ ಇಟ್ಕೊಂಡಿದ್ದೀನಿ.

ಇನ್ನು ಗಟ್ಟಿ ಮೆತ್ತಗೆ ಅನ್ನೋದನ್ನ ಕೆಜಿಯಲ್ಲಿ ಹೋಲಿಸೋಕೆ ಹೋದ್ರೆ ತಲೆ ಕೆಡುತ್ತೆ, ಯಾಕಂದ್ರೆ ಒಂದು ಕಾರು ಹಗುರ ಇನ್ನೊಂದು ಭಾರ. ಅದಕ್ಕೆ ಫ್ರೀಕ್ವೆನ್ಸಿ ನೋಡೋದು, ಅಂದ್ರೆ ಡ್ಯಾಂಪರ್ ಇಲ್ಲದೇ ಇದ್ರೆ ಆ ಮೂಲೆ ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ಆಡುತ್ತೆ ಅಂತ. ಲೆಕ್ಕ ಸುಲಭ. ಚಕ್ರದ ಹತ್ರ ಸಿಗೋ ಗಟ್ಟಿತನನ ಮೀಟರಿಗೆ ಎಷ್ಟು ನ್ಯೂಟನ್ ಅಂತ ಬರೀರಿ (1 ಕೆಜಿ ಪ್ರತಿ ಮಿಮೀ ಅಂದ್ರೆ 9,810), ಅದನ್ನ ಸ್ಪ್ರಿಂಗ್ ಹೊತ್ತಿರೋ ತೂಕದಿಂದ ಭಾಗಿಸಿ, ವರ್ಗಮೂಲ ತೆಗೆದು, 6.28ರಿಂದ ಭಾಗಿಸಿ. ಚಕ್ರ, ಬ್ರೇಕ್, ಹಬ್ ತೂಕ ಸ್ಪ್ರಿಂಗ್ ಮೇಲೆ ಬೀಳಲ್ಲ, ಅದಕ್ಕೆ ಮೂಲೆಗೆ 35 ಕೆಜಿ ಕಳೆದಿದ್ದೀನಿ, ಮುಂದೆ 245, ಹಿಂದೆ 235 ಉಳೀತು.

ಈಗಿನ 10 ಮತ್ತು 8ಕ್ಕೆ ಬರೋದು ಮುಂದೆ 2.23 ಹರ್ಟ್ಸ್, ಹಿಂದೆ 2.18. ಮಾಮೂಲಿ ಕಾರುಗಳು 1ರಿಂದ 1.5ರ ಒಳಗೆ ಇರ್ತವೆ, ರಸ್ತೆಗೂ ಬೇಕು ಟ್ರ್ಯಾಕ್‌ಗೂ ಬೇಕು ಅನ್ನೋ ಸ್ಪೋರ್ಟ್ಸ್ ಕಾರಿಗೆ 1.7ರಿಂದ 2ರ ಆಸುಪಾಸು ಸಾಕು, 2.2 ಅನ್ನೋದು ನುಣುಪಾದ ಟ್ರ್ಯಾಕ್‌ಗೆ ಒಳ್ಳೆ ಟೈರ್ ಹಾಕಿ ಓಡಿಸೋರಿಗೆ. ನಿಮ್ಮ ಮೈಕೈ ನೋವಿಗೆ ಕಾರಣ ಇಲ್ಲೇ ಇದೆ.

ಗೆಳೆಯರ 7 ಮತ್ತು 5 ನೋಡೋಣ. ಮುಂದೆ 1.87, ಹಿಂದೆ 1.72. ಮೇಲ್ನೋಟಕ್ಕೆ ಎರಡೂ ಚೆನ್ನಾಗಿವೆ, ಆದ್ರೆ ಮುಂಭಾಗ ಬೇಗ ಆಡುತ್ತೆ ಹಿಂಭಾಗ ನಿಧಾನ. ಉಬ್ಬು ಸಿಕ್ಕಾಗ ಮೊದ್ಲು ಮುಂದಿನ ಚಕ್ರ ಹತ್ತುತ್ತೆ, ಆಮೇಲೆ ಹಿಂದಿನದು. ಹಿಂದಿನದು ತಡವಾಗಿ ಶುರು ಮಾಡಿರೋದ್ರಿಂದ ಸ್ವಲ್ಪ ಬೇಗ ಆಡಿ ಮುಂದಿನದನ್ನ ಹಿಡಿದ್ರೆ ಕಾರು ಮಟ್ಟವಾಗಿ ಎದ್ದು ಮಟ್ಟವಾಗಿ ಕೂರುತ್ತೆ, ಇಲ್ಲಾಂದ್ರೆ ಮೂಗು ಮೇಲೆ ಬಾಲ ಕೆಳಗೆ ಅಂತ ದೋಣಿ ಥರ ತೂಗುತ್ತೆ. ಇದನ್ನ 1930ರ ದಶಕದಲ್ಲೇ ಜನರಲ್ ಮೋಟಾರ್ಸ್‌ನಲ್ಲಿ ಮೋರಿಸ್ ಓಲಿ ಅನ್ನೋ ಇಂಜಿನಿಯರ್ ಪ್ರಯೋಗ ಮಾಡಿ ತೋರಿಸಿದ್ರು, ಇವತ್ತಿಗೂ ರಸ್ತೆ ಕಾರಿಗೆ ಅದೇ ದಾರಿ. ಹಿಂದೆ 6 ಹಾಕಿದ್ರೆ 1.89 ಬರುತ್ತೆ, ಮುಂದಿನ 1.87ಕ್ಕಿಂತ ಒಂದು ಕೂದಲು ಜಾಸ್ತಿ. ಸರಿಹೋಯ್ತು.

ಹಂಗಾದ್ರೆ ಮುಂದೆ ಇನ್ನೂ ಮೆತ್ತಗೆ 6.5 ಹಾಕಿ 1.8 ಮಾಡಬಹುದಲ್ವಾ ಅಂತ ಕೇಳ್ತೀರಿ, ನಾನೂ ಮೊದ್ಲು ಹಾಗೇ ಬರೆದಿದ್ದೆ. ಆದ್ರೆ ಈಗಿನ ಸ್ಪ್ರಿಂಗ್‌ಗಳಲ್ಲಿ ಚಕ್ರದ ಹತ್ರ ಮುಂಭಾಗ ಹಿಂಭಾಗಕ್ಕಿಂತ ಸುಮಾರು 9% ಗಟ್ಟಿ ಇದೆ, ಆ ಸಮತೋಲನಕ್ಕೆ ನೀವು ಒಗ್ಗಿದ್ದೀರಿ. 6.5 ಮತ್ತು 6 ಹಾಕಿದ್ರೆ ಅದು ಉಲ್ಟಾ ಆಗಿ ಹಿಂಭಾಗವೇ ಗಟ್ಟಿ ಆಗುತ್ತೆ, ತಿರುವಲ್ಲಿ ಬಾಲ ಬೇಗ ಬಿಡುತ್ತೆ, ಈಗಾಗಲೇ ಹಿಂಭಾಗದ ಭಯ ಇರೋರಿಗೆ ಅದು ಬೇಡ. 7 ಮತ್ತು 6ರಲ್ಲಿ ಎರಡೂ ಕಡೆ ಹೆಚ್ಚುಕಮ್ಮಿ ಸಮ. ಆಮೇಲೂ ಬಾಲ ಸಡಿಲ ಅನ್ಸಿದ್ರೆ ಸ್ಪ್ರಿಂಗ್ ಮುಟ್ಟಬೇಡಿ, ಮುಂದಿನ ಆಂಟಿ ರೋಲ್ ಬಾರ್‌ನ ಒಂದು ತೂತು ಗಟ್ಟಿ ಮಾಡಿ, ಅದು ಹೊಂದಿಸೋ ಥರದ್ದು ಆಗಿದ್ರೆ.

ಈಗ ಬಹಳ ಜನ ಎಡವೋ ಜಾಗಕ್ಕೆ ಬಂದ್ವಿ, ಟ್ರಾವೆಲ್, ಅಂದ್ರೆ ಚಕ್ರ ಮೇಲೆ ಕೆಳಗೆ ಆಡೋಕೆ ಇರೋ ಜಾಗ. ಗಟ್ಟಿತನಕ್ಕಿಂತ ನನಗೆ ಇದೇ ಮುಖ್ಯ, ಯಾಕಂದ್ರೆ ಬಂಪ್ ಸ್ಟಾಪ್ (ಡ್ಯಾಂಪರ್ ಪೂರ್ತಿ ಕುಗ್ಗದ ಹಾಗೆ ತಡೆಯೋ ರಬ್ಬರ್) ಮೇಲೆ ಕೂತು ಓಡೋ ಕಾರಲ್ಲಿ ನೀವು ಎಂಥ ದುಬಾರಿ ಸ್ಪ್ರಿಂಗ್ ಹಾಕಿದ್ರೂ ನೀವು ಓಡಿಸ್ತಿರೋದು ರಬ್ಬರ್ ಮೇಲೆ. ಮುಂದಿನ ಮೂಲೆಯ 245 ಕೆಜಿ ತೋಳಿನ ಲೆಕ್ಕದಲ್ಲಿ ಸ್ಪ್ರಿಂಗ್ ಮೇಲೆ 350 ಕೆಜಿ ಆಗಿ ಬೀಳುತ್ತೆ. 10 ಕೆಜಿ ಸ್ಪ್ರಿಂಗ್ ಅದಕ್ಕೆ 35 ಮಿಮೀ ಕುಗ್ಗುತ್ತೆ, 7 ಕೆಜಿಯದು 50 ಮಿಮೀ. ಅಂದ್ರೆ ಸ್ಪ್ರಿಂಗ್ ಸೀಟ್ (ಸ್ಪ್ರಿಂಗ್ ಕೂರೋ, ಥ್ರೆಡ್ ಮೇಲೆ ತಿರುಗೋ ಬಳೆ) ಹಾಗೇ ಬಿಟ್ಟು ಅದೇ ಉದ್ದದ ಸ್ಪ್ರಿಂಗ್ ಹಾಕಿದ್ರೆ ಮೂಗು ಚಕ್ರದ ಅಳತೆಯಲ್ಲಿ 21 ಮಿಮೀ ಇಳಿಯುತ್ತೆ, ಡ್ಯಾಂಪರ್ 15 ಮಿಮೀ ಜಾಸ್ತಿ ಒಳಗೆ ಹೋಗಿ ಕೂರುತ್ತೆ. ಡ್ಯಾಂಪರ್ ಸ್ಟ್ರೋಕ್ ಒಟ್ಟು 100 ಮಿಮೀ ಅಂತಿಟ್ಕೊಳ್ಳಿ, ಮೊದ್ಲು ಮೇಲಕ್ಕೆ 65 ಇತ್ತು, ಈಗ 50. ಅದ್ರಲ್ಲಿ ಬಂಪ್ ಸ್ಟಾಪ್‌ದೇ 35 ಹೋದ್ರೆ ಉಳಿದದ್ದು 15 ಮಿಮೀ. ಮೆತ್ತಗಿನ ಸ್ಪ್ರಿಂಗ್‌ಗೆ ಟ್ರಾವೆಲ್ ಜಾಸ್ತಿ ಬೇಕು, ನಾವು ಕಡಿಮೆ ಮಾಡಿಬಿಟ್ವಿ. ಎಷ್ಟೋ ಜನ ಮೆತ್ತಗೆ ಹಾಕಿದೆ ಆದ್ರೂ ಮೊದಲಿಗಿಂತ ಒರಟಾಯ್ತು ಅಂತ ಹೇಳೋದು ಇದಕ್ಕೇ, ಬೈಗುಳ ಸ್ಪ್ರಿಂಗ್‌ಗೆ ಬೀಳುತ್ತೆ.

ಪರಿಹಾರ ಅಂದ್ರೆ ಸ್ಪ್ರಿಂಗ್ ಸೀಟನ್ನ 15 ಮಿಮೀ ಮೇಲೆ ತಿರುಗಿಸಿ ಅಷ್ಟು ಪ್ರೀಲೋಡ್ (ಕಾರಿನ ಭಾರ ಬೀಳೋಕೆ ಮುಂಚೆನೇ ಸ್ಪ್ರಿಂಗ್ ಅದುಮಿಡೋದು) ಕೊಡೋದು, ಆಗ ಎತ್ತರನೂ ವಾಪಸ್, ಮೇಲಿನ 65 ಮಿಮೀನೂ ವಾಪಸ್. ಪ್ರೀಲೋಡ್ ಕೊಟ್ರೆ ಸ್ಪ್ರಿಂಗ್ ಗಟ್ಟಿ ಆಗುತ್ತೆ ಅಂತ ಹೇಳೋರಿದ್ದಾರೆ, ಆಗಲ್ಲ, 7 ಕೆಜಿ ಸ್ಪ್ರಿಂಗ್ 7 ಕೆಜಿನೇ, ಇಲ್ಲಿ 15 ಮಿಮೀ ಪ್ರೀಲೋಡ್ ಅಂದ್ರೆ 105 ಕೆಜಿ, ಕಾರಿನ ಭಾರ 350, ಹಂಗಾಗಿ ಕಾರು ನೆಲದ ಮೇಲೆ ನಿಂತ ತಕ್ಷಣ ಆ ಪ್ರೀಲೋಡ್ ದಾಟಿ ಹೋಗಿರುತ್ತೆ. ಸಾಧ್ಯ ಇದ್ರೆ ಇನ್ನೂ 5 ಮಿಮೀ ಎತ್ತರ ಕೊಡಿ, ನೋಡೋಕೆ ಯಾರಿಗೂ ಗೊತ್ತಾಗಲ್ಲ, ಓಡಿಸೋರಿಗೆ ಗೊತ್ತಾಗುತ್ತೆ.

ಉದ್ದ 8 ಇಂಚು ಯಾಕೆ ಅಂದ್ರೆ, ಸ್ಪ್ರಿಂಗ್‌ನ ಸುರುಳಿ ಒಂದಕ್ಕೊಂದು ತಾಗಿ ಪೂರ್ತಿ ಮುಚ್ಕೊಳ್ಳೋ ಎತ್ತರ ಇರುತ್ತಲ್ಲ, ಕ್ಯಾಟಲಾಗ್‌ನಲ್ಲಿ ಬ್ಲಾಕ್ ಹೈಟ್ ಅಂತ ಬರೆದಿರ್ತಾರೆ, ಅದನ್ನ ನೋಡ್ಲೇಬೇಕು. 7 ಇಂಚು ಅಂದ್ರೆ 178 ಮಿಮೀ, ಬ್ಲಾಕ್ ಹೈಟ್ 80 ಇದ್ರೆ ಕುಗ್ಗೋಕೆ ಇರೋದು 98. ನಿಂತಲ್ಲೇ 50 ಹೋಯ್ತು. ಮೇಲೆ 65 ಮಿಮೀ ಟ್ರಾವೆಲ್‌ನಲ್ಲಿ ಬಂಪ್ ಸ್ಟಾಪ್ ಪೂರ್ತಿ ಅದುಮಿದ್ರೂ 12 ಮಿಮೀ ಉಳಿಯುತ್ತೆ ಅಂದ್ರೆ 53 ಬೇಕು. ಒಟ್ಟು 103. ಸ್ಪ್ರಿಂಗ್‌ನಲ್ಲಿ ಇರೋದು 98. ಅಂದ್ರೆ ಜೋರಾಗಿ ಗುಂಡಿಗೆ ಬಿದ್ದ ದಿನ ಬಂಪ್ ಸ್ಟಾಪ್ ತನ್ನ ಕೆಲಸ ಮುಗಿಸೋಕೆ ಮುಂಚೆನೇ ಕಬ್ಬಿಣಕ್ಕೆ ಕಬ್ಬಿಣ ಹೊಡೆಯುತ್ತೆ, ತಿರುವಲ್ಲಿ ಆದ್ರೆ ಆ ಚಕ್ರದ ಹಿಡಿತ ಒಂದೇ ಕ್ಷಣದಲ್ಲಿ ಹೋಗುತ್ತೆ. 8 ಇಂಚಿನದ್ರಲ್ಲಿ 203ರಲ್ಲಿ ಬ್ಲಾಕ್ 90 ಕಳೆದ್ರೆ 113, ಹತ್ತು ಮಿಮೀ ಉಸಿರಾಡೋಕೆ ಜಾಗ ಸಿಕ್ತು. ಮೇಲೆ ಹೇಳಿದ 7 ಇಂಚಿನ ಸೆಟ್ಟಿಂಗ್‌ಗಿಂತ ಸೀಟ್‌ನ 25 ಮಿಮೀ ಕೆಳಗೆ ಇಳಿಸ್ಬೇಕಾಗುತ್ತೆ, ಥ್ರೆಡ್ ಅಷ್ಟು ಉಳಿದಿದೆಯಾ, ಕೆಳಗೆ ಸೀಟ್ ಟೈರಿಗೆ ತಾಗುತ್ತಾ ಅಂತ ಮೊದ್ಲೇ ನೋಡ್ಕೊಳ್ಳಿ. ಹಿಂಭಾಗಕ್ಕೂ ಇದೇ ಲೆಕ್ಕ ಹಾಕಿ.

ಡ್ಯಾಂಪರ್ ವಿಷ್ಯ. 10ರಿಂದ 7ಕ್ಕೆ ಇಳಿದ್ರೆ ಬೇಕಾಗೋ ಡ್ಯಾಂಪಿಂಗ್ ಸುಮಾರು 16% ಕಡಿಮೆ ಆಗುತ್ತೆ (ವರ್ಗಮೂಲದ ಲೆಕ್ಕ, ಅದಕ್ಕೆ 30% ಅಲ್ಲ). ನಾಬ್ ಈಗಿರೋ ಜಾಗದಲ್ಲೇ ಬಿಟ್ರೆ ರಿಬೌಂಡ್ (ಕುಗ್ಗಿದ್ದು ವಾಪಸ್ ಚಾಚುವಾಗ ಡ್ಯಾಂಪರ್ ಒಡ್ಡೋ ತಡೆ) ಜಾಸ್ತಿ ಆಗಿ, ಒಂದಾದ ಮೇಲೊಂದು ಉಬ್ಬು ಸಿಕ್ಕಾಗ ಚಕ್ರ ಕೆಳಗೆ ಬರೋಕೆ ಸಮಯ ಸಾಲದೆ ಕಾರು ತಗ್ಗಿ ತಗ್ಗಿ ಬಂಪ್ ಸ್ಟಾಪ್ ಮೇಲೆ ಹೋಗಿ ಕೂರುತ್ತೆ. ನಿಮ್ಮ ಹಿಂಭಾಗ ಪುಟಿಯೋದ್ರಲ್ಲಿ ಇದ್ರ ಪಾಲೂ ಇರಬಹುದು, ಸ್ಪ್ರಿಂಗ್ ತರೋಕೆ ಮುಂಚೆನೇ ಹಿಂದಿನ ರಿಬೌಂಡ್ ಎರಡು ಕ್ಲಿಕ್ ಕಡಿಮೆ ಮಾಡಿ ಅದೇ ತಿರುವಲ್ಲಿ ಒಮ್ಮೆ ಓಡಿಸಿ ನೋಡಿ, ಅದಕ್ಕೆ ಖರ್ಚಿಲ್ಲ. ಹಾಗೇ ಡ್ಯಾಂಪರ್ ಶಾಫ್ಟ್‌ಗೆ ಒಂದು ಕೇಬಲ್ ಟೈ ಬಿಗಿದು ಬಿಡಿ, ಎಲ್ಲಿಗೆ ತಳ್ಳಿ ನಿಂತಿದೆ ಅಂತ ನೋಡಿದ್ರೆ ನಾನು ಮೇಲೆ ಬರೆದ ಟ್ರಾವೆಲ್ ಕಥೆ ಪೂರ್ತಿ ನಿಮ್ಮ ಕಣ್ಣಿಗೇ ಕಾಣುತ್ತೆ.

ಪ್ರಶ್ನೆ: ಸ್ಪ್ರಿಂಗ್ ನಂಬರ್‌ಗಳೇ ಅರ್ಥ ಆಗ್ತಿಲ್ಲ. ಒಂದ್ರ ಮೇಲೆ 0700.250.0500 ಅಂತಿದೆ, ಇನ್ನೊಂದು ಝಡ್65-178-100. ನನ್ನ ಕಾಯಿಲ್‌ಓವರ್‌ಗೆ ಎರಡೂ ಆಗುತ್ತಾ?

ಉತ್ತರ: ಮೊದಲನೇದು ಐಬಾಕ್ ಕಂಪನಿ ಬರೆಯೋ ರೀತಿ, 7 ಇಂಚು ಉದ್ದ, 2.5 ಇಂಚು ಒಳವ್ಯಾಸ, ಇಂಚಿಗೆ 500 ಪೌಂಡ್. ಎರಡನೇದು ಜಪಾನಿನ ಸ್ವಿಫ್ಟ್ ಕಂಪನಿದು, 65 ಮಿಮೀ ಒಳವ್ಯಾಸ, 178 ಮಿಮೀ ಉದ್ದ, 10 ಕೆಜಿ. ಪೌಂಡ್ ಲೆಕ್ಕನ 56ರಿಂದ ಭಾಗಿಸಿದ್ರೆ ಕೆಜಿ ಬರುತ್ತೆ, 500 ಅಂದ್ರೆ 8.9. ಯುರೋಪಿನವರು ಮಿಮೀಗೆ ಎಷ್ಟು ನ್ಯೂಟನ್ ಅಂತ ಬರೆದಿರ್ತಾರೆ, ಅದನ್ನ 9.81ರಿಂದ ಭಾಗಿಸಿ, ಒಮ್ಮೊಮ್ಮೆ 80 ಅಂತ ನೋಡಿ ಗಾಬರಿ ಆಗ್ತಾರೆ, ಅದು 8 ಕೆಜಿ ಚಿಲ್ಲರೆ ಅಷ್ಟೇ.

ಎರಡೂ ಆಗುತ್ತಾ ಅಂದ್ರೆ ಇಲ್ಲ. 2.5 ಇಂಚು ಅಂದ್ರೆ 63.5 ಮಿಮೀ. ನಿಮ್ಮ ಸೀಟ್ 65 ಮಿಮೀದಾದ್ರೆ 63.5 ಒಳಗೆ ಕೂರಲ್ಲ, ಬಡಿದು ಕೂರಿಸೋ ಕೆಲಸ ಮಾಡ್ಬೇಡಿ. ಸೀಟ್ 63.5 ಇದ್ದು 65 ಹಾಕಿದ್ರೆ ಒಂದೂವರೆ ಮಿಮೀ ಸಡಿಲ, ಒಂದು ಪಕ್ಕಕ್ಕೆ ಜಾರಿ ಕೂತು ಸದ್ದು ಮಾಡುತ್ತೆ, ಡ್ಯಾಂಪರ್ ಬಾಡಿಗೆ ಉಜ್ಜುತ್ತೆ. 60, 65, 70 ಮಿಮೀ ಹಾಗೇ 2.25, 2.5 ಇಂಚು ಎಲ್ಲಾ ಇವೆ, ಕಣ್ಣಳತೆ ನಂಬಬೇಡಿ, ವರ್ನಿಯರ್ ಇಟ್ಟು ಸೀಟಿನ ಅಂಚು ಅಳೀರಿ, ಮೇಲಿನದ್ದೂ ಕೆಳಗಿನದ್ದೂ.

ಪ್ರಶ್ನೆ: ಲೀನಿಯರ್ ಒಳ್ಳೇದಾ ಪ್ರೊಗ್ರೆಸಿವ್ ಒಳ್ಳೇದಾ?

ಉತ್ತರ: ನಿಮಗೆ ನೀವೇ ಸೆಟ್ ಮಾಡ್ಕೊಳ್ಳೋ ಕಾಯಿಲ್‌ಓವರ್‌ಗೆ ಲೀನಿಯರ್. ಎಷ್ಟು ಕುಗ್ಗಿದ್ರೆ ಎಷ್ಟು ಬಲ ಅಂತ ಕಾಗದದ ಮೇಲೆ ಬರೀಬಹುದು, ರಾಬರ್ಟ್ ಹುಕ್ 1678ರಲ್ಲಿ ಅಚ್ಚು ಹಾಕಿಸಿದ ನಿಯಮ, ಎರಡರಷ್ಟು ಕುಗ್ಗಿದ್ರೆ ಎರಡರಷ್ಟು ಬಲ, ಅಷ್ಟೇ ಸಾಕು. ಪ್ರೊಗ್ರೆಸಿವ್‌ನಲ್ಲಿ ಕುಗ್ಗಿದಷ್ಟೂ ಗಟ್ಟಿ ಆಗ್ತಾ ಹೋಗುತ್ತೆ, ಡ್ಯಾಂಪರ್‌ನ ಯಾವ ಗಟ್ಟಿತನಕ್ಕೆ ಹೊಂದಿಸೋದು ಅನ್ನೋದೇ ಕಷ್ಟ. ಕಾರ್ಖಾನೆಯವರು ಡ್ಯಾಂಪರ್ ಜೊತೆಗೆ ಸೇರಿಸಿ ಟೆಸ್ಟ್ ಮಾಡಿ ಕೊಟ್ಟಿದ್ರೆ ಅದು ಬೇರೆ ಮಾತು, ಆಗ ಹಾಗೇ ಬಿಡಿ.

ಪ್ರಶ್ನೆ: ಗಟ್ಟಿ ಸ್ಪ್ರಿಂಗ್ ಬೇಕು, ಇರೋದನ್ನೇ ಒಂದು ಸುತ್ತು ಕತ್ತರಿಸಿದ್ರೆ ಗಟ್ಟಿ ಆಗುತ್ತೆ ಅಂತಾರೆ ನಿಜಾನಾ?

ಉತ್ತರ: ಗಟ್ಟಿ ಆಗೋದು ನಿಜ. ಕೆಲಸ ಮಾಡೋ ಸುತ್ತು 6 ಇದ್ದು ಒಂದು ಹೋದ್ರೆ 20% ಗಟ್ಟಿ. ಆದ್ರೂ ದಯವಿಟ್ಟು ಮಾಡ್ಬೇಡಿ. ಕಾಯಿಲ್‌ಓವರ್ ಸ್ಪ್ರಿಂಗ್‌ನ ಎರಡೂ ತುದಿನ ಮಟ್ಟವಾಗಿ ಸಾಣೆ ಹಿಡಿದಿರ್ತಾರೆ, ಚಪ್ಪಟೆ ಸೀಟ್ ಮೇಲೆ ಪೂರ್ತಿ ಕೂರೋಕೆ. ಕತ್ತರಿಸಿದ ತುದಿ ಒಂದೇ ಕಡೆ ಒತ್ತಿ ಸ್ಪ್ರಿಂಗ್ ಬಾಗುತ್ತೆ, ಡ್ಯಾಂಪರ್ ಸೀಲ್ ಸವೆಯುತ್ತೆ, ಗ್ಯಾಸ್ ಕಟರ್ ಬಳಸಿದ್ರೆ ಆ ಜಾಗದ ಹದ ಹೋಗಿ ಮುರಿಯೋಕೂ ಸಾಕು. ತಂತಿ ದಪ್ಪ 10% ಜಾಸ್ತಿ ಆದ್ರೆ ಸ್ಪ್ರಿಂಗ್ 46% ಗಟ್ಟಿ ಆಗುತ್ತೆ, ಅಷ್ಟು ಸೂಕ್ಷ್ಮದ ಮಾಲು ಇದು, ಗರಗಸದಿಂದ ಹೊಂದಿಸೋ ವಸ್ತು ಅಲ್ಲ.

ಪ್ರಶ್ನೆ: ಕಾರು ಜ್ಯಾಕ್ ಮೇಲೆ ಎತ್ತಿದಾಗ ಸ್ಪ್ರಿಂಗ್ ಸಡಿಲ ಆಗಿ ಕೈಯಲ್ಲೇ ಅಲ್ಲಾಡುತ್ತೆ. ಹೆಲ್ಪರ್ ಹಾಕು ಅಂತ ಒಬ್ರು, ಟೆಂಡರ್ ಹಾಕು ಅಂತ ಒಬ್ರು. ಎರಡೂ ಒಂದೇನಾ?

ಉತ್ತರ: ಒಂದೇ ಅಲ್ಲ, ಅಂಗಡಿಯಲ್ಲೂ ಎಷ್ಟೋ ಸಲ ಹೆಸರು ಅದಲುಬದಲು ಮಾಡಿ ಕೊಡ್ತಾರೆ. ಹೆಲ್ಪರ್ ಅಂದ್ರೆ ಚಪ್ಪಟೆ ತಂತಿಯ ತೀರಾ ಮೆತ್ತಗಿನ ಸ್ಪ್ರಿಂಗ್, ಕಾರು ನೆಲಕ್ಕೆ ಇಳಿದ ತಕ್ಷಣ ಪೂರ್ತಿ ಮುಚ್ಕೊಳ್ಳುತ್ತೆ, ಚಕ್ರ ಗಾಳಿಯಲ್ಲಿದ್ದಾಗ ದೊಡ್ಡ ಸ್ಪ್ರಿಂಗ್ ಸೀಟ್ ಬಿಟ್ಟು ಹೋಗದ ಹಾಗೆ ನೋಡ್ಕೊಳ್ಳೋದಷ್ಟೇ ಅದ್ರ ಕೆಲಸ. ನಿಮಗೆ ಬೇಕಾಗಿರೋದು ಅದು. ಟೆಂಡರ್‌ಗೆ ಅದ್ರದ್ದೇ ಗಟ್ಟಿತನ ಇರುತ್ತೆ, ಅದು ಮುಚ್ಚೋವರೆಗೂ ಎರಡೂ ಸೇರಿ ಕೆಲಸ ಮಾಡ್ತವೆ, 10 ಕೆಜಿ ಜೊತೆ 5 ಕೆಜಿ ಟೆಂಡರ್ ಹಾಕಿದ್ರೆ ಸಿಗೋದು 15 ಅಲ್ಲ, 3.3. ಅದನ್ನ ಬೇಕೂಂತಲೇ ಲೆಕ್ಕ ಹಾಕಿ ಹಾಕ್ಬೇಕು. ಹೆಲ್ಪರ್ ಮುಚ್ಚಿದಾಗಿನ ದಪ್ಪನೂ ಮಧ್ಯದ ಬಳೆಯ ದಪ್ಪನೂ ಸೇರಿಸಿ ದೊಡ್ಡ ಸ್ಪ್ರಿಂಗ್ ಉದ್ದ ಆರಿಸಿ, ಇಲ್ಲಾಂದ್ರೆ ಕಾರು ಎತ್ತರಕ್ಕೆ ಹೋಗಿ ಕೆಳಗೆ ಇಳಿಸೋಕೆ ಥ್ರೆಡ್ ಇರಲ್ಲ.

ಪ್ರಶ್ನೆ: ಹೊಸ ಸ್ಪ್ರಿಂಗ್ ಹಾಕಿದ ಮೇಲೆ ಸ್ಟೀರಿಂಗ್ ತಿರುಗಿಸಿದ್ರೆ ಟಣ್ ಅಂತ ಸದ್ದು. ಸ್ಪ್ರಿಂಗ್ ಕೆಟ್ಟದ್ದಾ?

ಉತ್ತರ: ಕೆಟ್ಟದ್ದಲ್ಲ. ಸುರುಳಿ ಸ್ಪ್ರಿಂಗ್ ಕುಗ್ಗುವಾಗ ತುದಿಗಳು ಸ್ವಲ್ಪ ತಿರುಗೋಕೆ ನೋಡ್ತವೆ, ಸೀಟ್ ಹಿಡಿದಿಟ್ರೆ ತಿರುಚು ಸೇರಿ ಸೇರಿ ಒಂದು ಸಲಕ್ಕೆ ಜಾರುತ್ತೆ, ಅದೇ ಆ ಟಣ್. ಸ್ಪ್ರಿಂಗ್ ಮತ್ತು ಸೀಟಿನ ಮಧ್ಯೆ ಥ್ರಸ್ಟ್ ಬೇರಿಂಗ್ ಅಥವಾ ಜಾರೋ ತೆಳು ಹಾಳೆ ಹಾಕಿದ್ರೆ ಹೋಗುತ್ತೆ. ಮುಂದೆ ಸ್ಟ್ರಟ್ ಇದ್ರೆ ಮೊದ್ಲು ಮೇಲಿನ ಮೌಂಟ್ ಬೇರಿಂಗ್ ನೋಡಿ, ಅದು ಹಿಡ್ಕೊಂಡಿದ್ರೆ ಇದೇ ಸದ್ದು ಬರುತ್ತೆ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಸ್ಪ್ರಿಂಗ್ ತಗೋಬಹುದಾ? ಪೇಂಟ್ ಚೆನ್ನಾಗೇ ಇದೆ.

ಉತ್ತರ: ಒಳ್ಳೆ ಕಂಪನಿಯ ಸ್ಪ್ರಿಂಗ್‌ಗಳು ಕ್ರೋಮ್ ಸಿಲಿಕಾನ್ ಸ್ಟೀಲ್‌ನವು, ಮೇಲ್ಮೈಗೆ ಸಣ್ಣ ಗುಂಡು ಹೊಡೆದು ಗಟ್ಟಿ ಮಾಡಿ, ಕಾರ್ಖಾನೆಯಲ್ಲೇ ಒಮ್ಮೆ ಪೂರ್ತಿ ಅದುಮಿ ಕಳಿಸಿರ್ತಾರೆ, ಅವು ಸುಲಭಕ್ಕೆ ಕುಸಿಯಲ್ಲ. ಪೇಂಟ್ ಚೆನ್ನಾಗಿದ್ರೆ ಸಾಲದು, ಎಲ್ಲಾದ್ರೂ ಕೆತ್ತಿ ಹೋಗಿ ತುಕ್ಕು ಗುಳಿ ಬಿದ್ದಿದ್ರೆ ಬೇಡ, ಬಿರುಕು ಶುರು ಆಗೋದೇ ಅಲ್ಲಿಂದ. ನಾನೊಮ್ಮೆ 8 ಕೆಜಿ ಅಂತ ಬರೆದಿದ್ದ ಹಳೇ ಜೋಡಿ ತಂದಿದ್ದೆ, ಹಾಕಿದ ಮೇಲೆ ಎಡಗಡೆ ಎಷ್ಟು ಎತ್ತಿದ್ರೂ ಕಾರ್ನರ್ ವೇಟ್ (ಒಂದೊಂದು ಚಕ್ರದ ಮೇಲೆ ಬೀಳೋ ತೂಕ) ಕೂಡ್ತಿರಲಿಲ್ಲ, ಎರಡು ದಿನ ಸೀಟ್ ತಿರುಗಿಸಿ ತಿರುಗಿಸಿ ಕೈ ಬೊಬ್ಬೆ ಬಂತು. ಕೊನೆಗೆ ಬಿಚ್ಚಿ ಪಕ್ಕಪಕ್ಕ ನಿಲ್ಲಿಸಿದ್ರೆ ಒಂದು ಇನ್ನೊಂದಕ್ಕಿಂತ 6 ಮಿಮೀ ಗಿಡ್ಡ. ದುಡ್ಡು ಕೊಡೋಕೆ ಮುಂಚೆ ಮಟ್ಟವಾದ ನೆಲದ ಮೇಲೆ ಎರಡನ್ನೂ ಜೊತೆಗೆ ನಿಲ್ಲಿಸಿ ನೋಡಿ, ಬರೆದಿರೋ ಉದ್ದಕ್ಕೆ ಟೇಪ್ ಹಿಡಿದು ನೋಡಿ, ಆಗೋದಾದ್ರೆ ಒತ್ತಡ ತೋರಿಸೋ ಪ್ರೆಸ್‌ನಲ್ಲಿ ಇಟ್ಟು 25 ಮಿಮೀಗೂ 50 ಮಿಮೀಗೂ ಮಧ್ಯೆ ಭಾರ ಎಷ್ಟು ಏರಿತು ಅಂತ ತಗೊಂಡು 25ರಿಂದ ಭಾಗಿಸಿ. ಮೊದಲ ಕೆಲವು ಮಿಮೀ ಲೆಕ್ಕಕ್ಕೆ ತಗೋಬೇಡಿ, ತುದಿ ಸುತ್ತುಗಳು ಕೂರೋವರೆಗೂ ನಂಬರ್ ಸರಿಯಾಗಿ ಬರಲ್ಲ. ಹಾಕಿದ ಮೇಲೆ ನೂರಿನ್ನೂರು ಕಿಮೀ ಓಡಿಸಿ, ನಾಲ್ಕೂ ಮೂಲೆ ಎತ್ತರ ಮತ್ತೆ ಅಳೆದು, ಲಾಕ್ ರಿಂಗ್ ಬಿಗಿದು, ಆಮೇಲೆ ವೀಲ್ ಅಲೈನ್‌ಮೆಂಟ್‌ಗೆ ಹೋಗಿ, ಮೊದ್ಲೇ ಮಾಡಿಸಿದ್ರೆ ಇನ್ನೊಂದು ಸಲ ಮಾಡಿಸ್ಬೇಕಾಗುತ್ತೆ.